ವ್ಯಾಧಿಯೂ ವಿದ್ಯೆಯೂ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ವಿದ್ಯಾರ್ಥಿಗಳ ಮತ್ತು ಪೋಷಕರ ಸಮಾವೇಶದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಪಾಠ)



ಶತಮಾನೋತ್ಸವದ ಸಮಯದಲ್ಲಿ ಹಿರಿಯರ ಸೇವೆಯನ್ನು ಸ್ಮರಿಸುವುದು ವಾಡಿಕೆ. ಕಲ್ಲು ಹೊತ್ತವರನ್ನು, ಗಂಟೆ ತರಿಸಿದವರನ್ನು, ಬಿಸಿಲಿನಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದ ಉಪದೇಶಿಗಳನ್ನು ಈ ಸಂಚಿಕೆಯ ಬೇರೆ ಲೇಖನಗಳು ನೆನೆಯುತ್ತವೆ. ಅದು ಯುಕ್ತವೇ. ಆದರೆ ನೂರು ವರ್ಷದ ಲೆಕ್ಕ ಒಪ್ಪಿಸುವಾಗ ಜಮೆಯ ಪುಟವನ್ನು ಮಾತ್ರ ಓದಿ ಖರ್ಚಿನ ಪುಟವನ್ನು ಮುಚ್ಚಿಡಬಾರದು. ಆದ್ದರಿಂದ ಇಂದು ನಾವು ನಮ್ಮದೇ ಒಂದು ತಪ್ಪಿನಿಂದ ಮಾತನ್ನು ಆರಂಭಿಸುತ್ತೇವೆ. ವಿಷಯ, ಬಿಡದ ಕಾಯಿಲೆಯೊಂದನ್ನು ಜೊತೆಯಲ್ಲಿಟ್ಟುಕೊಂಡೇ ಓದಿ ಮುಂದೆ ಬರಬೇಕೆಂದಿರುವ ವಿದ್ಯಾರ್ಥಿಯದು.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಗುರುಮಠದಿಂದ ಹೊರಬಂದು ಹೆಚ್ಚು ವರ್ಷಗಳಾಗಿರಲಿಲ್ಲ. ಒಂದು ವಿದ್ಯಾರ್ಥಿ ನಿಲಯದ ಹೊಣೆ ನಮ್ಮ ಮೇಲಿತ್ತು. ಭೀಮಾ ತೀರದ ಹಳ್ಳಿಯೊಂದರ ಬಾಲಕನೊಬ್ಬ ಅಲ್ಲಿದ್ದ. ಲೆಕ್ಕದಲ್ಲಿ ಬಹು ಜಾಣ. ಆದರೆ ತಿಂಗಳಿಗೆ ಎರಡು ಬಾರಿಯಾದರೂ ಕವಾಯತು ತಪ್ಪಿಸಿ ಮಲಗುತ್ತಿದ್ದ. ಕೇಳಿದರೆ, "ಮೊಣಕಾಲಾಗ ಏನೋ ಝುಮ್ ಅಂತದ್ರೀ ಫಾದರ್" ಎನ್ನುತ್ತಿದ್ದ. ಮುಟ್ಟಿ ನೋಡಿದರೆ ಬಾವು ಇರುತ್ತಿರಲಿಲ್ಲ, ಗಾಯವೂ ಇರುತ್ತಿರಲಿಲ್ಲ. ಇದು ಮೈಗಳ್ಳತನವೆಂದು ನಾವು ತೀರ್ಮಾನಿಸಿದೆವು. ಒಂದು ಸಂಜೆ ಶಿಸ್ತಿನ ಹೆಸರಿನಲ್ಲಿ, ಪ್ರಾರ್ಥನೆ ಮುಗಿಯುವವರೆಗೂ ಅವನನ್ನು ಶಹಾಬಾದಿ ಕಲ್ಲಿನ ನೆಲದ ಮೇಲೆ ಮಂಡಿಯೂರಿಸಿ ನಿಲ್ಲಿಸಿದೆವು. ಬೆಳಗಾಗುವಷ್ಟರಲ್ಲಿ ಆ ಮೊಣಕಾಲು ಸಣ್ಣ ಕೊಡದಂತೆ ಊದಿಕೊಂಡಿತ್ತು. ನೋವು ಇಳಿಯಲೆಂದು ನಾವೇ ಒಂದು ಆಸ್ಪಿರಿನ್ ಮಾತ್ರೆಯನ್ನೂ ಕೊಟ್ಟೆವು. ಸಂಜೆಗೆ ಇನ್ನಷ್ಟು ಊದಿತು.

ಮಾರನೆಯ ದಿನ, ಆಗ ಗುಲ್ಬರ್ಗಾ ಎಂದು ಕರೆಯುತ್ತಿದ್ದ ಕಲಬುರಗಿಗೆ ಅವನನ್ನು ಬಸ್ಸಿನಲ್ಲಿ ಕರೆದೊಯ್ದೆವು. ಅವನ ತಾಯಿಯೂ ಹಳ್ಳಿಯಿಂದ ಬಂದಿದ್ದಳು. ವೈದ್ಯರು ಕೇಳಿದಾಗ ಆಕೆ, "ಹಲ್ಲು ಬಿದ್ದಾಗ ನಾಕು ದಿನ ರಕ್ತ ನಿಂತಿದ್ದಿಲ್ರೀ ಯಪ್ಪಾ. ನಮ್ಮಣ್ಣ ಒಬ್ಬಾಂವ ಹಿಂಗೇ ಹೋದ" ಎಂದಳು. ಅಂದು ಮೊದಲ ಬಾರಿಗೆ ಆ ಕಾಯಿಲೆಯ ಹೆಸರು ನಮ್ಮ ಕಿವಿಗೆ ಬಿತ್ತು. ಅದು ಹಿಮೋಫಿಲಿಯಾ, ಕನ್ನಡದಲ್ಲಿ ಕುಸುಮ ರೋಗ ಎನ್ನುವುದೂ ಉಂಟು. ಬಾಲಕ ಒಂದು ವಾರವಿಡೀ ಹೇಳಿದ್ದು ಸತ್ಯವಾಗಿತ್ತು. ಸುಳ್ಳಾಗಿದ್ದುದು ನಮ್ಮ ತೀರ್ಪು.

ಬಂಧುಗಳೇ, ಈ ರೋಗವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಏಕೆಂದರೆ ಅಜ್ಞಾನವೇ ನಮ್ಮಿಂದ ಆ ಶಿಕ್ಷೆಯನ್ನು ಕೊಡಿಸಿತು. ರಕ್ತ ಹೆಪ್ಪುಗಟ್ಟಲು ಹಲವು ಅಂಶಗಳು ಒಂದರ ನಂತರ ಒಂದು ಕೆಲಸಮಾಡಬೇಕು. ಅವುಗಳಲ್ಲಿ ಎಂಟನೆಯ ಅಂಶ ಕೊರತೆಯಾದರೆ ಅದು 'ಎ' ಬಗೆಯ ಹಿಮೋಫಿಲಿಯಾ, ಒಂಬತ್ತನೆಯದು ಕೊರತೆಯಾದರೆ 'ಬಿ' ಬಗೆಯದು. 'ಎ' ಬಗೆ ಸುಮಾರು 5,000 ಗಂಡು ಶಿಶುಗಳಲ್ಲಿ ಒಂದಕ್ಕೆ ಬರುತ್ತದೆ. 'ಬಿ' ಬಗೆ ಅದಕ್ಕಿಂತ ಬಹಳ ವಿರಳ. ಗಾಯವಾದರೆ ರಕ್ತ ಇತರರಿಗಿಂತ ವೇಗವಾಗಿ ಹರಿಯುವುದಿಲ್ಲ, ಹೆಚ್ಚು ಕಾಲ ಹರಿಯುತ್ತದೆ. ಹೊರಗಿನ ಗಾಯಕ್ಕಿಂತ ಒಳಗಿನ ಸ್ರಾವವೇ ಘಾತಕ. ಮೊಣಕಾಲು, ಕಣಕಾಲು, ಮೊಣಕೈಗಳ ಕೀಲಿನೊಳಗೆ ರಕ್ತ ತುಂಬುತ್ತದೆ. ಹೀಗೆ ಮತ್ತೆ ಮತ್ತೆ ಆದರೆ ಮೃದ್ವಸ್ಥಿ ಸವೆದು ಕೀಲು ಬಿಗಿದುಕೊಳ್ಳುತ್ತದೆ. ಊತ ಕಾಣಿಸುವುದಕ್ಕೆ ಮೊದಲೇ ಕೀಲಿನಲ್ಲಿ ಝುಮ್ಮೆನ್ನುವ ಅನುಭವವೋ ಬಿಸಿಯೋ ರೋಗಿಗೆ ತಿಳಿಯುತ್ತದೆ. ಚಿಕಿತ್ಸೆ ಆರಂಭವಾಗಬೇಕಾದುದು ಆ ಗಳಿಗೆಯಲ್ಲಿಯೇ. ಮಗು ಹೇಳಿದ್ದನ್ನು ನಂಬುವುದು ಈ ರೋಗದಲ್ಲಿ ದಯೆಯ ಮಾತಲ್ಲ, ವೈದ್ಯದ ಮೊದಲ ಮೆಟ್ಟಿಲು. ಆಸ್ಪಿರಿನ್ ರಕ್ತವನ್ನು ಹೆಪ್ಪುಗಟ್ಟಗೊಡದು. ಆದಕಾರಣ ಅದು ಇವರಿಗೆ ವಿಷಸಮಾನ. ಸ್ನಾಯುವಿಗೆ ಚುಚ್ಚುಮದ್ದು ಹಾಕಿಸುವುದೂ, ಮುಂಜಾಗ್ರತೆಯಿಲ್ಲದೆ ಹಲ್ಲು ಕೀಳಿಸುವುದೂ ಅಪಾಯ. ತಲೆಗೆ ಪೆಟ್ಟು ಬಿದ್ದರಂತೂ ಊತಕ್ಕಾಗಿ ಕಾಯದೆ ಆಸ್ಪತ್ರೆಗೆ ಓಡಬೇಕು.

ಇನ್ನೊಂದು ಮಾತನ್ನು ಅತ್ತೆ-ಮಾವಂದಿರಿಗೆ ಹೇಳಬೇಕಾಗಿದೆ. ಈ ರೋಗದ ಬೀಜ ತಾಯಿಯ ಮೂಲಕ ಮಗನಿಗೆ ಬರುತ್ತದೆಂದು ತಿಳಿದೊಡನೆ ಎಷ್ಟೋ ಮನೆಗಳಲ್ಲಿ ಸೊಸೆಯನ್ನು ಶಾಪದ ಗುರಿಯನ್ನಾಗಿ ಮಾಡುತ್ತಾರೆ. ಸುಮಾರು ಮೂರರಲ್ಲೊಂದು ಪಾಲು ರೋಗಿಗಳ ವಂಶದಲ್ಲಿ ಈ ರೋಗ ಹಿಂದೆ ಕಂಡೇ ಇರುವುದಿಲ್ಲ. ಬಂದ ಕಡೆಯಲ್ಲಿಯೂ ಅದು ಯಾರ ಪಾಪದ ಫಲವೂ ಅಲ್ಲ, ಯಾರ ನಡತೆಯ ಫಲವೂ ಅಲ್ಲ. ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳ ಸಂತತಿಯಲ್ಲಿ, ರಷ್ಯದ ರಾಜಕುಮಾರನವರೆಗೆ, ಇದೇ ರೋಗ ಹರಿದುಬಂದಿತು. ಅರಮನೆಯ ವೈದ್ಯರೂ ಅಂದು ಅದಕ್ಕೆ ಮದ್ದು ಕಾಣದಾಗಿದ್ದರು.

ಇನ್ನು ನಮ್ಮ ಬಾಲಕನ ಕಥೆ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳು ಬಂದವು. ವಿಜ್ಞಾನ ಓದಿ ಇಂಜಿನಿಯರ್ ಆಗಬೇಕೆಂದು ಅವನ ಆಸೆ. ಸಲಹೆ ಕೇಳಲು ತಾಯಿಯೊಡನೆ ನಮ್ಮಲ್ಲಿಗೆ ಬಂದ. ಅವನ ನೋವನ್ನು ಕಂಡಿದ್ದ ನಾವು ಈ ಬಾರಿ ಕರುಣೆಯಿಂದ ತಪ್ಪು ಮಾಡಿದೆವು. "ಕಾಲೇಜಿನ ಮೆಟ್ಟಿಲು, ಬಸ್ಸಿನ ನೂಕುನುಗ್ಗಲು ನಿನಗೆ ಆಗಿಬರುವುದಿಲ್ಲ; ಊರಿನಲ್ಲಿಯೇ ಒಂದು ಕಿರಾಣಿ ಅಂಗಡಿ ಇಟ್ಟುಕೋ, ನಾವೂ ಸ್ವಲ್ಪ ಸಹಾಯ ಮಾಡುತ್ತೇವೆ" ಎಂದೆವು. ಬಾಲಕ ಸ್ವಲ್ಪ ಹೊತ್ತು ಸುಮ್ಮನಿದ್ದು, ನೆಲ ನೋಡುತ್ತಲೇ, "ಬಾತದ್ದು ಮೊಣಕಾಲರೀ ಫಾದರ್, ತಲಿ ಅಲ್ಲರೀ" ಎಂದ. ಈ ಉತ್ತರಕ್ಕೆ ನಮ್ಮಲ್ಲಿ ಪ್ರತ್ಯುತ್ತರವಿರಲಿಲ್ಲ. ಆದರೂ ನಮ್ಮ ಮಾತನ್ನು ಮೀರಲಾರದೆ ತಾಯಿ ಅವನನ್ನು ಒಂದು ವರ್ಷ ಮನೆಯಲ್ಲಿ ಉಳಿಸಿಕೊಂಡಳು. ಮರುವರ್ಷ ಹಟಮಾಡಿ ಕಾಲೇಜು ಸೇರಿದ. ಎರಡನೆಯ ವರ್ಷದ ಪರೀಕ್ಷೆಯ ಸಮಯದಲ್ಲಿ ಕೀಲುಸ್ರಾವವಾಗಿ ಇನ್ನೊಂದು ವರ್ಷ ಹೋಯಿತು. ಇಂಜಿನಿಯರಿಂಗ್ ಸೇರುವುದು ಕೈತಪ್ಪಿತು. ಗಣಿತದಲ್ಲಿ ಪದವಿ, ಸ್ನಾತಕೋತ್ತರ ಪದವಿ ಮುಗಿಸಿ ಇಂದು ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾನೆ. ಎಡ ಮೊಣಕಾಲು ಪೂರ್ತಿ ಮಡಚುವುದಿಲ್ಲ. ನಮ್ಮನ್ನು ಕಂಡಾಗ ಪ್ರೀತಿಯಿಂದಲೇ ಮಾತನಾಡುತ್ತಾನೆ. ಆದರೆ ಆ ಮೊಣಕಾಲಿನಲ್ಲಿಯೂ ಆ ಕಳೆದ ವರ್ಷದಲ್ಲಿಯೂ ನಮ್ಮ ಪಾಲು ಇದೆಯೆಂಬುದನ್ನು ನಾವು ಮರೆಯಲಾರೆವು.

ನಾವು ಅವನಿಗೆ ಆ ಸಲಹೆ ಕೊಟ್ಟ ಕಾಲಕ್ಕೆ ನಮ್ಮ ನಾಡಿನಲ್ಲಿಯೇ ಬೇರೆ ದಾರಿಯೊಂದು ತೆರೆದಿತ್ತು. ದಾವಣಗೆರೆಯ ಡಾ. ಸುರೇಶ್ ಹನಗವಾಡಿ ಅವರು ಇದೇ ಹಿಮೋಫಿಲಿಯಾದೊಡನೆ ಹುಟ್ಟಿದವರು. ಆ ದೇಹಸ್ಥಿತಿಯಲ್ಲಿಯೇ ವೈದ್ಯಶಾಸ್ತ್ರವನ್ನು ಓದಿದರು. ರೋಗನಿದಾನಶಾಸ್ತ್ರದಲ್ಲಿ ಪರಿಣತರಾಗಿ ಆ ಊರಿನ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಅಷ್ಟಕ್ಕೇ ನಿಲ್ಲದೆ, ತಮ್ಮಂಥ ರೋಗಿಗಳನ್ನು ಒಂದುಗೂಡಿಸಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ ಬೆಳೆಸಿದರು. ಅವರು ಆರಿಸಿಕೊಂಡ ಶಾಖೆಯನ್ನು ಗಮನಿಸಬೇಕು. ಹಗಲಿರುಳು ನಿಂತೇ ಇರಬೇಕಾದ ಶಸ್ತ್ರಚಿಕಿತ್ಸೆಯನ್ನಲ್ಲ, ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಮುಂದೆ ಮಾಡುವ ಕೆಲಸವನ್ನು ಅವರು ಆರಿಸಿಕೊಂಡರು. ಆಸೆಯನ್ನು ಬಿಡದೆ, ದೇಹವನ್ನೂ ಮರೆಯದೆ ನಡೆಯುವ ದಾರಿ ಅದು. ಅವರಂತೆಯೇ ದೆಹಲಿಯಲ್ಲಿ ಅಶೋಕ್ ವರ್ಮಾ ಎಂಬ ರೋಗಿ 1983ರಲ್ಲಿ ಭಾರತದ ಹಿಮೋಫಿಲಿಯಾ ಒಕ್ಕೂಟವನ್ನು ಆರಂಭಿಸಿದರು. ಅದಕ್ಕೆ ಇಪ್ಪತ್ತು ವರ್ಷ ಮೊದಲು, 1963ರಲ್ಲಿ, ಕೆನಡದ ಮಾಂಟ್ರಿಯಲ್ ನಗರದ ಫ್ರಾಂಕ್ ಶ್ನಾಬೆಲ್ ಎಂಬ ರೋಗಿಯೇ ವಿಶ್ವ ಒಕ್ಕೂಟವನ್ನು ಸ್ಥಾಪಿಸಿದ್ದನು. ಅವನು ಹುಟ್ಟಿದ ಏಪ್ರಿಲ್ 17ನ್ನು ವಿಶ್ವ ಹಿಮೋಫಿಲಿಯಾ ದಿನವಾಗಿ ಆಚರಿಸುತ್ತಾರೆ. ಈ ರೋಗಿಗಳು ಯಾರೋ ಬಂದು ಉದ್ಧರಿಸಲಿ ಎಂದು ಕಾದು ಕುಳಿತವರಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಚಿಕಿತ್ಸೆಯೂ ಬೆಳೆದಿದೆ. 1964ರಲ್ಲಿ ಅಮೆರಿಕದ ಜೂಡಿತ್ ಪೂಲ್ ಎಂಬ ವಿಜ್ಞಾನಿ, ಹೆಪ್ಪುಗಟ್ಟಿಸಿದ ಪ್ಲಾಸ್ಮಾವನ್ನು ನಿಧಾನವಾಗಿ ಕರಗಿಸಿದಾಗ ತಳದಲ್ಲಿ ಉಳಿಯುವ ಪದಾರ್ಥದಲ್ಲಿ ಎಂಟನೆಯ ಅಂಶ ಹೇರಳವಾಗಿದೆಯೆಂದು ಕಂಡುಹಿಡಿದರು. ಅನಂತರ ಪುಡಿಯ ರೂಪದ ಫ್ಯಾಕ್ಟರ್ ಬಂದಿತು. 1980ರ ದಶಕದಲ್ಲಿ ಸೋಂಕು ತಗಲಿದ ರಕ್ತದಿಂದ ತಯಾರಾದ ಫ್ಯಾಕ್ಟರ್ ಮೂಲಕ ಜಗತ್ತಿನ ಸಾವಿರಾರು ಹಿಮೋಫಿಲಿಯಾ ರೋಗಿಗಳಿಗೆ ಎಚ್.ಐ.ವಿ. ಹರಡಿದ್ದು ಈ ಇತಿಹಾಸದ ಕಡುದುಃಖದ ಅಧ್ಯಾಯ. ಆ ಪಾಠದ ನಂತರ ಔಷಧವನ್ನು ಶುದ್ಧಗೊಳಿಸುವ ಕ್ರಮ ಬಿಗಿಯಾಯಿತು. 1990ರ ದಶಕದಿಂದ ಮನುಷ್ಯರ ರಕ್ತವಿಲ್ಲದೆ ಪ್ರಯೋಗಾಲಯದಲ್ಲಿಯೇ ತಯಾರಾಗುವ ಫ್ಯಾಕ್ಟರ್ ಬಳಕೆಗೆ ಬಂದಿತು. 2017ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಎಮಿಸಿಜುಮಾಬ್ ಎಂಬ ಮದ್ದನ್ನು ರಕ್ತನಾಳಕ್ಕಲ್ಲ, ಚರ್ಮದ ಕೆಳಗೆ ಚುಚ್ಚುತ್ತಾರೆ. ಅದು ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಸಾಕಾಗುತ್ತದೆ. ಆದರೆ 'ಎ' ಬಗೆಯವರಿಗೆ ಮಾತ್ರ. ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಐವರು ರೋಗಿಗಳಿಗೆ ಜೀನ್ ಚಿಕಿತ್ಸೆ ನೀಡಿ, ಅದರ ಫಲಿತಾಂಶವನ್ನು 2024ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಇದು ಹಳ್ಳಿಯ ಆಸ್ಪತ್ರೆಗೆ ನಾಳೆಯೇ ಬರುವ ಚಿಕಿತ್ಸೆಯಲ್ಲ. ಆದರೆ ಇಂದು ಎಂಟನೆಯ ತರಗತಿಯಲ್ಲಿರುವ ಹುಡುಗನ ಆಯುಷ್ಯವನ್ನು ಅವನ ಸೋದರಮಾವನ ಆಯುಷ್ಯದಿಂದ ಅಳೆಯಬಾರದು ಎಂಬುದಕ್ಕೆ ಇದು ಸಾಕ್ಷಿ.

ಕಾನೂನೂ ಬದಲಾಗಿದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲಿನಿಂದ ಜಾರಿಯಲ್ಲಿದೆ. ಹಿಂದೆ 7 ಇದ್ದ ಅಂಗವೈಕಲ್ಯದ ಬಗೆಗಳು ಅದರಲ್ಲಿ 21 ಆದವು. ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಎಂಬ ಮೂರು ರಕ್ತಸಂಬಂಧಿ ರೋಗಗಳು ಆ ಪಟ್ಟಿಗೆ ಸೇರಿದವು. ಪ್ರಮಾಣಪತ್ರದಲ್ಲಿ ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 5 ಸ್ಥಾನಗಳ ಮೀಸಲಾತಿಯೂ, ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆಯೂ ಇವೆ. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚುವರಿ ಸಮಯವನ್ನೂ, ಬರೆಯಲಾಗದವರಿಗೆ ಲಿಪಿಕಾರರನ್ನೂ ಕೊಡಬೇಕೆಂದು 2018ರ ಕೇಂದ್ರ ಮಾರ್ಗಸೂಚಿ ಹೇಳಿತು. 2021ರ ಫೆಬ್ರವರಿಯಲ್ಲಿ ವಿಕಾಶ್ ಕುಮಾರ್ ಎಂಬ ಅಭ್ಯರ್ಥಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಬರೆಯುವ ಕೈಯನ್ನು ಸೆಟೆಸುವ ನರದ ತೊಂದರೆಯಿರುವವನಿಗೆ, ಶೇಕಡ 40ರ ಗೆರೆ ಮುಟ್ಟದಿದ್ದರೂ, ನಾಗರಿಕ ಸೇವಾ ಪರೀಕ್ಷೆಯಲ್ಲಿ ಲಿಪಿಕಾರನನ್ನು ಕೊಡಬೇಕೆಂದಿತು. 2024ರ ಅಕ್ಟೋಬರಿನಲ್ಲಿ, ಪ್ರಮಾಣಪತ್ರದ ಅಂಕಿಯೊಂದನ್ನೇ ನೋಡಿ ವೈದ್ಯಕೀಯ ಪ್ರವೇಶವನ್ನು ನಿರಾಕರಿಸಬಾರದು, ಆ ವಿದ್ಯಾರ್ಥಿ ಓದನ್ನು ಪೂರೈಸಬಲ್ಲನೇ ಎಂದು ಪರಿಶೀಲಿಸಬೇಕು ಎಂದೂ ಅದೇ ನ್ಯಾಯಾಲಯ ಹೇಳಿತು.

ಆದರೆ ಅರ್ಧ ಸತ್ಯ ಹೇಳಿ ನಿಮ್ಮನ್ನು ಕಳುಹಿಸಲಾರೆವು. ಇದೇ ಕಾನೂನಿನಲ್ಲಿ ಸರ್ಕಾರಿ ಉದ್ಯೋಗಗಳ ಶೇಕಡ 4ರ ಮೀಸಲಾತಿಯ ಪಟ್ಟಿಯನ್ನು ನೋಡಿದರೆ ಅಲ್ಲಿ ರಕ್ತರೋಗಗಳ ಹೆಸರಿಲ್ಲ. ಕೀಲು ಹಾಳಾಗಿ ಚಲನವೈಕಲ್ಯವೆಂದು ಪ್ರಮಾಣಪತ್ರ ಸಿಕ್ಕರೆ ಮಾತ್ರ ಆ ಬಾಗಿಲು ತೆರೆಯುತ್ತದೆ. ಎಂದರೆ, ಚೆನ್ನಾಗಿ ಚಿಕಿತ್ಸೆ ಪಡೆದು ಮೊಣಕಾಲನ್ನು ಉಳಿಸಿಕೊಂಡವನಿಗೆ ಕಾಲೇಜಿನ ಮೀಸಲಾತಿ ದೊರೆತರೂ ಉದ್ಯೋಗದ ಮೀಸಲಾತಿ ದೊರೆಯದು. ಇದು ನ್ಯಾಯವೇ ಎಂದು ಶಾಸನ ಮಾಡುವವರನ್ನು ಕೇಳುವ ಹಕ್ಕು ನಮಗಿದೆ. ಕೇಳುವವರೆಗೆ ವಿದ್ಯಾರ್ಥಿಯು ಸಾಮಾನ್ಯ ಸ್ಪರ್ಧೆಗೂ ಸಿದ್ಧನಾಗಿರಬೇಕು.

ವಿದ್ಯಾರ್ಥಿಗಳೇ, ಈಗ ನಿಮ್ಮೊಡನೆ ನಾಲ್ಕು ಮಾತು. ವೃತ್ತಿಯನ್ನು ಆರಿಸುವಾಗ 'ನನ್ನಿಂದ ಏನಾಗದು' ಎಂದು ಆರಂಭಿಸಬೇಡಿರಿ. ನಿಮಗೆ ಪ್ರಿಯವಾದ ವಿದ್ಯೆಯನ್ನು ಮೊದಲು ಬರೆದುಕೊಳ್ಳಿರಿ. ಅನಂತರ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಆ ವೃತ್ತಿಯಲ್ಲಿ ದಿನನಿತ್ಯ ದೇಹಕ್ಕೆ ಪೆಟ್ಟು ಬೀಳುವುದೇ? ಓದುವ ಊರಿನಿಂದ ಚಿಕಿತ್ಸೆ ದೊರೆಯುವ ಆಸ್ಪತ್ರೆಗೆ ಎಷ್ಟು ಗಂಟೆಯ ದಾರಿ? ಕಾಯಿಲೆಯಿಂದ ಹದಿನೈದು ದಿನ ತಪ್ಪಿದರೆ ಆ ಪಾಠವನ್ನು ತುಂಬಿಕೊಳ್ಳುವ ಏರ್ಪಾಡು ಅಲ್ಲಿ ಇದೆಯೇ? ದೂರದ ಬೆಂಗಳೂರೇ ಎಲ್ಲಕ್ಕೂ ಉತ್ತರವಲ್ಲ. ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾಲಯವಿದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ನಮ್ಮ ಭಾಗದ ಮಕ್ಕಳಿಗೆ ಸಂವಿಧಾನದ 371ಜೆ ವಿಧಿಯ ಸೌಲಭ್ಯವಿದೆ. ಆಸ್ಪತ್ರೆಯ ಹತ್ತಿರವಿದ್ದು ಓದುವುದು ಹೇಡಿತನವಲ್ಲ.

ಕಾಯಿಲೆಯನ್ನು ಮುಚ್ಚಿಡಬೇಡಿರಿ. ಸೇರಿದ ಮೊದಲ ವಾರದಲ್ಲಿಯೇ ವೈದ್ಯರ ಪತ್ರವನ್ನು ಪ್ರಾಂಶುಪಾಲರಿಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿರಿ. ಹಾಜರಾತಿ ಕಡಿಮೆಯಾದ ಮೇಲೆ ತರುವ ಪತ್ರವನ್ನು ನೆಪವೆನ್ನುತ್ತಾರೆ. ರಕ್ತಸ್ರಾವವಾದ ದಿನ, ಕೀಲು, ಪಡೆದ ಮದ್ದು ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಕರ್ನಾಟಕದಲ್ಲಿ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳ ಮೂಲಕ ಫ್ಯಾಕ್ಟರನ್ನು ಉಚಿತವಾಗಿ ಕೊಡುವ ಏರ್ಪಾಡು ಇದೆ. ಆದರೂ ಪರೀಕ್ಷೆಯ ತಿಂಗಳಿಗೆ ಮೊದಲೇ ಹೋಗಿ ದಾಸ್ತಾನು ವಿಚಾರಿಸಿರಿ. ಜೇವರ್ಗಿಯಿಂದಾಗಲೀ ಆಳಂದದಿಂದಾಗಲೀ ಕಲಬುರಗಿಗೆ ಸುಮಾರು 40 ಕಿಲೋಮೀಟರ್, ಅಫಜಲಪುರದಿಂದ ಇನ್ನೂ ದೂರ. ರಾತ್ರಿ ಹನ್ನೊಂದಕ್ಕೆ ಯಾರ ವಾಹನ ಸಿಗುತ್ತದೆಂಬುದನ್ನು ಹಗಲಿನಲ್ಲಿಯೇ ಗೊತ್ತುಮಾಡಿಕೊಳ್ಳಬೇಕು.

ಇದು ಒಂದು ರೋಗದ ಮಾತು ಮಾತ್ರವಲ್ಲ. ಬಾಲ್ಯದಲ್ಲಿಯೇ ಸಕ್ಕರೆ ಕಾಯಿಲೆ ಬಂದ ಮಕ್ಕಳು ನಮ್ಮ ನಡುವೆ ಇದ್ದಾರೆ. 1922ರ ಜನವರಿಯಲ್ಲಿ ಟೊರಾಂಟೊ ನಗರದಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಟ್ಟರು. ಅದಕ್ಕೆ ಮೊದಲು ಅಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಲೇ ಇರಲಿಲ್ಲ. ಇಂದು ವೈದ್ಯರೂ ಆಗುತ್ತಾರೆ, ಆಟಗಾರರೂ ಆಗುತ್ತಾರೆ. ಆದರೆ ನಮ್ಮ ಸೀಮೆಯ ಮೇ ತಿಂಗಳ ಬಿಸಿಲಿನಲ್ಲಿ ಇನ್ಸುಲಿನ್ ಕೆಡುತ್ತದೆ. ಫ್ರಿಜ್ಜು ಇಲ್ಲದ ಮನೆಯವರು ದೊಡ್ಡ ಮಣ್ಣಿನ ಮಡಕೆಯೊಳಗೆ ಸಣ್ಣ ಮಡಕೆಯಿಟ್ಟು, ನಡುವೆ ಒದ್ದೆ ಮರಳು ತುಂಬಿ, ನೆರಳಿನಲ್ಲಿ ಇಡಬಹುದು. ಅಂಥ ಮಗು ತರಗತಿಯ ನಡುವೆ ಬೆವರಿ ನಡುಗಿದರೆ ಉಪಾಧ್ಯಾಯರು ಗದರಿಸದೆ ಕೂಡಲೇ ಸಕ್ಕರೆಯನ್ನೋ ಬೆಲ್ಲವನ್ನೋ ಕೊಡಬೇಕು. ಮೂರ್ಛೆರೋಗದ ಮಗುವಿಗೆ ಕಬ್ಬಿಣ ಹಿಡಿಸುವುದನ್ನೂ ಈರುಳ್ಳಿ ಮೂಸಿಸುವುದನ್ನೂ ಬಿಟ್ಟು, ಮಗ್ಗುಲಿಗೆ ಮಲಗಿಸಬೇಕು. ಉಬ್ಬಸದ ಮಗುವಿನ ಕೈಗೆ ಕಸಬರಿಗೆ ಕೊಟ್ಟು ತರಗತಿಯ ಧೂಳು ಗುಡಿಸಲು ಹೇಳಬಾರದು.

ಶುಭಸಂದೇಶದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಒಬ್ಬ ಹೆಂಗಸು ಬರುತ್ತಾಳೆ. ಇದ್ದ ಹಣವನ್ನೆಲ್ಲ ವೈದ್ಯರಿಗೆ ಸುರಿದು ಗುಂಪಿನ ಹಿಂದಿನಿಂದ ಬಂದು ಉಡುಪಿನ ಅಂಚನ್ನು ಮುಟ್ಟಿದವಳು. ಆ ನೂಕುನುಗ್ಗಲಿನಲ್ಲಿ ಯೇಸುಸ್ವಾಮಿ ನಿಂತರು, ಯಾರೆಂದು ಕೇಳಿದರು, ಅವಳು ತನ್ನ ಕಥೆಯನ್ನೆಲ್ಲ ಹೇಳಿ ಮುಗಿಸುವವರೆಗೆ ಆಲಿಸಿದರು. ಅನೇಕ ವರ್ಷ ಇದರ ಮೇಲೆ ಪ್ರಬೋಧನೆ ಮಾಡಿಯೂ, ನಮ್ಮ ನಿಲಯದ ಬಾಲಕನೊಬ್ಬ ತನ್ನ ಮೊಣಕಾಲಿನ ಕಥೆ ಹೇಳಲು ಬಂದಾಗ ನಾವು ನಿಲ್ಲಲಿಲ್ಲ.

ಆದುದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ಎರಡು ನಿರ್ಧಾರಗಳನ್ನು ತಮ್ಮ ಮುಂದಿಡುತ್ತೇವೆ. ನಮ್ಮ ವಿದ್ಯಾರ್ಥಿ ನಿಲಯದಲ್ಲಿ ಪ್ರತಿ ಮಗುವಿನ ಕಾಯಿಲೆ, ಕೊಡಬಾರದ ಮದ್ದು, ಕರೆಯಬೇಕಾದ ದೂರವಾಣಿ ಸಂಖ್ಯೆ ಇವನ್ನು ಬರೆದ ಚೀಟಿಯನ್ನು ಮೇಲ್ವಿಚಾರಕರ ಬಳಿ ಇಡತಕ್ಕದ್ದು; ಮಗು ನೋವೆಂದರೆ ಮೊದಲು ನಂಬಿ, ಅನಂತರ ಪರೀಕ್ಷಿಸತಕ್ಕದ್ದು. ಎರಡನೆಯದಾಗಿ, ಮಂಡಿಯೂರಿಸುವ ಶಿಕ್ಷೆ ನಮ್ಮ ಯಾವ ಮಕ್ಕಳಿಗೂ ಇನ್ನು ಇರತಕ್ಕದ್ದಲ್ಲ. ಈ ದೇವಾಲಯದಲ್ಲಿಯೂ ಮೊಣಕಾಲು ಮಡಚಲಾರದವರು ಸಂಕೋಚವಿಲ್ಲದೆ ಕುಳಿತೇ ಪ್ರಾರ್ಥಿಸಲಿ. ಅವರಿಗಾಗಿ ಮುಂದಿನ ಸಾಲಿನಲ್ಲಿ ಎರಡು ಬೆಂಚುಗಳನ್ನು ಹಾಕಿಸಿದ್ದೇವೆ. ಆ ಬೆಂಚುಗಳ ವೆಚ್ಚವನ್ನು ಯಾರು ಕೊಟ್ಟರೆಂದು ಕೆಲವರು ಕೇಳಿದ್ದೀರಿ. ಹೆಸರು ಹೇಳಬಾರದೆಂದು ದಾನಿಯ ಅಪ್ಪಣೆಯಾಗಿದೆ. ಅವನು ಗಣಿತದ ಉಪಾಧ್ಯಾಯನೆಂದಷ್ಟೇ ಹೇಳಿ, ನಿಮ್ಮೆಲ್ಲರಿಗೂ ಶುಭಕೋರಿ, ನಮ್ಮ ಮಾತನ್ನು ಮುಗಿಸುತ್ತೇವೆ.